ಕಿವಿಗೊಂದು ಕೆಲಸ, ಬೆರಳಿಗೊಂದು ಕೆಲಸ

ನಮ್ಮಕ್ಕನಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ಕಷ್ಟದಲ್ಲಿರುವ ಹೆಂಗಸರು ಕರೆ ಮಾಡುವ ಸಹಾಯವಾಣಿಯಲ್ಲಿ ಅವಳಿಗೆ ಕೆಲಸ. ಪಕ್ಕದ ಮೇಜು ನನ್ನದು. ಅವಳ ಕಿವಿಗೆ ಹೆಡ್‌ಫೋನ್, ಬೆರಳಿನಡಿ ಬ್ರೈಲ್ ಯಂತ್ರ. ಅದರ ಪಟ್ಟಿಯ ಮೇಲೆ ಸಣ್ಣ ಚುಕ್ಕಿಗಳು ಎದ್ದು ಅಕ್ಷರವಾಗುತ್ತವೆ. ಕರೆ ಮಾಡಿದವಳು ಹಿಂದಿನ ಸಲ ಹೇಳಿದ್ದನ್ನು ಬೆರಳಲ್ಲಿ ಓದಿಕೊಳ್ಳುತ್ತಲೇ, ಈಗ ಹೇಳುವುದನ್ನು ಕಿವಿಗೊಟ್ಟು ಕೇಳುತ್ತಾಳೆ. ಅತ್ತು ಅತ್ತು ಹೇಳಿದ ಕಥೆಯನ್ನೇ ಮತ್ತೆ ಮೊದಲಿನಿಂದ ಹೇಳು ಅಂದರೆ ಯಾರಿಗೆ ತಾನೇ ಸಂಕಟವಾಗದು?

ಒಂದು ದಿನ ಆ ಚುಕ್ಕಿಗಳು ಏಳದೆ ಯಂತ್ರ ಕೆಟ್ಟಿತು. ರಿಪೇರಿಗೆ ಕೊಡಿ ಅಂದರೆ ಮ್ಯಾನೇಜರ್ ಮಹಾಶಯ ಹೊಸ ಫೋನ್ ತಂದಿಟ್ಟ.

"ಆ ಇಟ್ಟಿಗೆ ಇನ್ನೂ ಯಾಕೆ ಹೊರ್ತೀರಿ ಮೇಡಂ? ಎಲ್ಲಾ ಇದೇ ಓದಿ ಹೇಳುತ್ತೆ!" ಎಂದವನು ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ, "ಆಹಾ!" ಅಂದ. ಅಲ್ಲ ಸ್ವಾಮೀ, ಅಷ್ಟಕ್ಕೇ ಪಂಡಿತನಾಗಿಬಿಟ್ಟನೇ?

"ಫೋನು ಬೇಡ ಅಂತಿಲ್ಲ ಸಾರ್," ಅಂದಳು ಅಕ್ಕ. "ಬಸ್ಸು, ಮೆಸೇಜು, ಹಾಡು ಎಲ್ಲಾ ನನಗೂ ಫೋನಲ್ಲೇ. ಆದ್ರೆ ಇಲ್ಲಿ ಅದೂ ಮಾತಾಡ್ತಾ ಇದ್ರೆ ಆ ಕಡೆಯವರ ಮಾತು ಹೇಗೆ ಕೇಳ್ಲಿ? ಫೋನಿಗೆ ಜೋಡಿಸೋ ಬ್ರೈಲ್ ಪಟ್ಟಿನಾದ್ರೂ ಕೊಡ್ಸಿ."

"ಅಭ್ಯಾಸ ಆಗುತ್ತೆ ಬಿಡಿ."

ನನಗೆ ಮೈಯೆಲ್ಲ ಉರಿಯಿತು. ಅಕ್ಕ ಒಂದು ಕಿವಿಗೆ ಕರೆ, ಇನ್ನೊಂದಕ್ಕೆ ಫೋನಿನ ವಟವಟ ಇಟ್ಟುಕೊಂಡು ಹೆಣಗಿದಳು.

ಒಂದು ಮಧ್ಯಾಹ್ನ, ಹಿಂದೆಯೂ ಕರೆ ಮಾಡಿದ್ದ ಒಬ್ಬ ಹುಡುಗಿಯ ಕರೆ ಬಂತು. ಗಂಡನ ಕೈಯಲ್ಲಿ ಹೊಡೆತ ತಿನ್ನುತ್ತಿದ್ದವಳು. ಎಲ್ಲಿದ್ದಾಳೆಂದು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಕರೆ ಮಾಡುವವರ ನಂಬರು ನಮಗೆ ಕಾಣುವುದಿಲ್ಲ, ಮಾತನ್ನು ರೆಕಾರ್ಡೂ ಮಾಡುವುದಿಲ್ಲ. ಅದು ನಾವು ಅವರಿಗೆ ಕೊಟ್ಟ ಮಾತು. ದನಿಯಲ್ಲೇ ಗುರುತು ಹಿಡಿದ ಅಕ್ಕ ಅವಳ ಹಳೆಯ ಟಿಪ್ಪಣಿ ತೆರೆದಳು, ಫೋನು ಓದತೊಡಗಿತು. ಅದೇ ಹೊತ್ತಿಗೆ ಹುಡುಗಿ, "ಬಂದು ಕರ್ಕೊಂಡ್ಹೋಗಿ ಅಕ್ಕಾ," ಎಂದು ಪಿಸುಗುಟ್ಟಿ ವಿಳಾಸ ಹೇಳಿಬಿಟ್ಟಳು. ಆ ವಟವಟದಲ್ಲಿ ಬೀದಿಯ ಹೆಸರೇ ಮುಳುಗಿಹೋಯಿತು.

"ಇನ್ನೊಂದ್ಸಲ ಹೇಳು ತಂಗೀ!"

ಆ ಕಡೆ ಗಂಡಸಿನ ದನಿ ಕೇಳಿತು. ಕರೆ ಕಡಿಯಿತು.

ಸುದ್ದಿ ತಿಳಿದ ಮ್ಯಾನೇಜರ್, "ಛೆ ಛೆ, ಇನ್ನೂ ಒಳ್ಳೇ ಇಯರ್‌ಫೋನ್ ತರಿಸೋಣ," ಅಂದ. ಎಂದೂ ದನಿ ಎತ್ತದ ನನ್ನಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ನನಗಿರೋದು ಎರಡೇ ಕಿವಿ ಸಾರ್. ಎರಡೂ ಅವಳಿಗೆ ಬೇಕಿತ್ತು. ಒಂದನ್ನ ನೀವು ಕಿತ್ಕೊಂಡ್ರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಂಗಳುಗಟ್ಟಲೆ ಆಗದ ರಿಪೇರಿ ಆ ವಾರವೇ ಆಯಿತು. ಇಷ್ಟು ಸುಲಭವಿತ್ತಲ್ಲ, ಪಾಪಿಗಳಾ!

ಹುಡುಗಿ ಮತ್ತೆ ಕರೆ ಮಾಡಿಲ್ಲ. ಈಗ ಯಾರ ಕರೆ ಬಂದರೂ ಅಕ್ಕ "ಹೇಳು ತಂಗೀ" ಎಂದೇ ಶುರುಮಾಡುತ್ತಾಳೆ, ಆ ಕಡೆ ಇರುವವಳು ಮುದುಕಿಯಾದರೂ.