ಕಳ್ಳ ಜೇಡಗಳಿಗೆ ಬಾಣಂತನ

ಬೆಳಗಿನ ಆರು ಗಂಟೆ. ಕಾಲೇಜಿನ ಹಿಂಭಾಗದ ಉದ್ದನೆಯ ವರಾಂಡದಲ್ಲಿ ಒಬ್ಬ ಹೆಂಗಸು ಕಪ್ಪು ಕೊಡೆ ಬಿಚ್ಚಿ ನಿಂತಿದ್ದಾರೆ. ಮಳೆಯಿಲ್ಲ, ಬಿಸಿಲೂ ಇನ್ನೂ ಎದ್ದಿಲ್ಲ. ಕೊಡೆಯನ್ನು ಹಿಡಿದಿರುವುದು ತಲೆಗಲ್ಲ, ಎರಡು ಕಂಬಗಳ ನಡುವಿನ ಜೇಡರ ಬಲೆಯ ಬೆನ್ನಿಗೆ. ಕಪ್ಪು ಬಟ್ಟೆಯ ಮುಂದೆ ಒಂದೊಂದು ಎಳೆಯೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದಷ್ಟು ಸ್ಪಷ್ಟ. ನಟ್ಟನಡುವೆ ಹೆಬ್ಬೆರಳಿನ ಗಾತ್ರದ ಜೇಡ. ಅಂಚಿನಲ್ಲಿ ಇಬ್ಬನಿಯ ಹನಿಗಳು.

ಆಕೆ ಮೆಲ್ಲಗೆ ಉಫ್ ಎಂದು ಊದುತ್ತಾರೆ. ಕೆಲವು ಹನಿಗಳು ಇದ್ದಲ್ಲೇ ನಡುಗುತ್ತವೆ. ಇನ್ನು ಕೆಲವು ಕಾಲು ಬಿಚ್ಚಿಕೊಂಡು ಓಡುತ್ತವೆ.

“ಓಡಿದ್ದು ಕಳ್ಳ, ನಿಂತಿದ್ದು ನೀರು. ಅಷ್ಟೇ ಇದರ ವಿದ್ಯೆ,” ಎನ್ನುತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಏಳನೇ ಬಲೆ, ಕಳ್ಳರು ಒಂಬತ್ತು.

ಕಾಲೇಜಿನವರೆಲ್ಲ ಇವರನ್ನು ಕರೆಯುವುದು ಬಲೆ ಅಕ್ಕ ಎಂದು. ಹನ್ನೊಂದು ವರ್ಷದಿಂದ ಇಲ್ಲಿ ಕಸ ಗುಡಿಸುವ ಕೆಲಸ. ಬಲೆ ಹೊಡೆಯುವುದೂ ಅದರಲ್ಲಿ ಸೇರಿದ್ದೇ. ಆದರೆ ಮೂರು ವರ್ಷದ ಹಿಂದೆ ಪ್ರಾಣಿಶಾಸ್ತ್ರದ ಮೇಡಂ, ವರಾಂಡ ಮತ್ತು ಬೇಲಿಯ ಇಪ್ಪತ್ತಮೂರು ಬಲೆಗಳನ್ನು ಮಾತ್ರ ಮುಟ್ಟಬೇಡಿ, ದಿನಾ ಬೆಳಿಗ್ಗೆ ಅವುಗಳಲ್ಲಿ ಯಾರ್ಯಾರಿದ್ದಾರೆ ಬರೆದಿಡಿ ಎಂದರು. ಗುಡಿಸುವ ಕೈಗೆ ಪೆನ್ನು ಬಂತು. ಈಗ ನಡೆಯುತ್ತಿರುವುದು ನಾಲ್ಕನೆಯ ಪುಸ್ತಕ.

ಮೊದಲನೆಯ ಪುಸ್ತಕ ತೆರೆದರೆ ಬಲೆ ಅಕ್ಕನಿಗೇ ನಗು. ದೊಡ್ಡ ಜೇಡದ ಸುತ್ತ ಸಾಸಿವೆಗಿಂತ ತುಸು ದಪ್ಪಗೆ, ಬೆಳ್ಳಿಯಂತೆ ಹೊಳೆಯುತ್ತ ಕೂತವುಗಳನ್ನು ಕಂಡು ‘ತಾಯಿ ಒಂದು, ಮಕ್ಕಳು ಏಳು’ ಎಂದು ಎರಡು ತಿಂಗಳು ಬರೆದಿದ್ದಾರೆ. ಅವು ಬೇರೆಯದೇ ಜಾತಿ, ಸ್ವಂತಕ್ಕೆ ಬಲೆ ಕಟ್ಟದೆ ದೊಡ್ಡದರ ಬಲೆಯಲ್ಲಿ ಬಿಡಾರ ಹೂಡಿ ಕದ್ದು ತಿನ್ನುತ್ತವೆ ಎಂದು ಮೇಡಂ ಹೇಳಿದಾಗ ಬಲೆ ಅಕ್ಕನಿಗೆ ಬಂದದ್ದು ಸಿಟ್ಟು.

“ಉಂಡ ಮನೆ ಜಂತೆ ಎಣಿಸೋ ಜನ ಅಂತ ಕೇಳಿದ್ದೆ. ಇವು ಜಂತೇನೂ ತಿಂತವೆ, ಹಸಿವಾದ್ರೆ ಬಲೆ ನೂಲನ್ನೇ ನುಂಗ್ತವೆ. ಇಷ್ಟು ದಿನ ಇವಕ್ಕಾ ನಾನು ಮಕ್ಕಳು ಅಂದಿದ್ದು ಅಂತ ಹೊಟ್ಟೆ ಉರೀತು.”

ಉರಿದ ಹೊಟ್ಟೆಯಲ್ಲೇ ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಹಳೆಯ ಬ್ರಷ್ ತಂದು ನಾಲ್ಕನೇ ಬಲೆಯ ಏಳೂ ಕಳ್ಳರನ್ನು ಒಂದೊಂದಾಗಿ ತೆಗೆದು ಬೇಲಿಯಾಚೆ ಒಗೆದರು. ಮನೆ ಚೊಕ್ಕಟ ಮಾಡಿಕೊಟ್ಟೆ ಎಂಬ ಸಮಾಧಾನ. ಆಮೇಲಷ್ಟೇ ಮೇಡಂ ಲೆಕ್ಕ ಕೆಡಿಸಿದೆನಲ್ಲ ಎಂದು ಹೊಳೆಯಿತು. ಹೋಗಿ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡರು. ಮೇಡಂ ಬೈಯಲಿಲ್ಲ, ಖಾಲಿಯಾದ ಬಲೆಗೆ ಕಳ್ಳರು ಎಷ್ಟು ದಿನಕ್ಕೆ ಬರುತ್ತಾರೆ ನೋಡೋಣ ಎಂದರು. ಐದೇ ದಿನಕ್ಕೆ ಆರು ಮಂದಿ ಹಾಜರು.

“ಅವತ್ತಿಂದ ಸಿಟ್ಟು ಇಳೀತು. ಆ ದೊಡ್ಡದು ಬೇಡ ಅಂತ ಬಿಟ್ಟ ಸೊಳ್ಳೆ, ನುಸಿ ತಿಂದ್ಕೊಂಡೇ ಎಷ್ಟೋ ದಿನ ತಳ್ತವೆ. ಧೈರ್ಯ ಬಂದ ದಿನ ಮಾತ್ರ ಅದು ನೂಲು ಸುತ್ತಿ ಕಟ್ಟಿಟ್ಟ ಬುತ್ತಿಗೇ ಕೈ. ಯಜಮಾನಿ ಒಂದು ಸಲ ಬಲೆ ಕುಲುಕಿದ್ರೆ ಸಾಕು, ನೂಲು ಹಿಡ್ಕೊಂಡು ಪರಾರಿ.”

ಮನೆಯಲ್ಲಿ ಇದೊಂದು ನಗೆಚಾಟಿಕೆ. “ಇಲ್ಲಿ ಒಂದು ಎಳೆ ಕಂಡ್ರೆ ಸೆರಗು ಸಿಕ್ಕಿಸ್ಕೊಂಡು ಏಣಿ ಹತ್ತಾಳೆ,” ಎನ್ನುತ್ತಾರೆ ಅತ್ತೆ. “ಅಲ್ಲಿರೋವು ಮಾತ್ರ ಇವಳ ತವರಿನವು.”

ಇವತ್ತು ಬಲೆ ಅಕ್ಕನ ಮುಖದಲ್ಲಿ ಗಾಬರಿಯಿದೆ. ಏಳನೇ ಬಲೆಯ ಮೇಲಂಚಿನಲ್ಲಿ ಕಳ್ಳಿಯೊಬ್ಬಳು ಮೊಟ್ಟೆಯ ಚೀಲ ನೇತುಹಾಕಿ ಹದಿನೆಂಟು ದಿನ. ಕಂದು ಬಣ್ಣದ ಪುಟಾಣಿ ಕೊಡ, ಮೆಣಸಿನ ಕಾಳಿನಷ್ಟು. ಒಂದು ಕೊಡದಿಂದ ಎಷ್ಟು ಮರಿ ಹೊರಬರುತ್ತವೆ ಎಂಬುದು ಮೂರು ವರ್ಷದಲ್ಲಿ ಒಮ್ಮೆಯೂ ಸಿಗದ ಲೆಕ್ಕ. ಕೊಡ ಎರಡು ದಿನದಿಂದ ಕಪ್ಪಾಗುತ್ತಿದೆ, ಮರಿಗಳು ಹೊರಬರುವ ಹೊತ್ತಾಯಿತೆಂದು ಗುರುತು. ಆದರೆ ವರಾಂಡಕ್ಕೆ ಬಣ್ಣ ಬಳಿಯಲು ಮೇಸ್ತ್ರಿ ಬಂದಾಗಿದೆ. ಮಧ್ಯಾಹ್ನದೊಳಗೆ ಹನ್ನೆರಡೂ ಕಂಬ ಮುಗಿಯಬೇಕೆಂದು ಕಚೇರಿಯ ಅಪ್ಪಣೆ.

“ಕಳ್ಳರಿಗೆ ಬಾಣಂತನನಾ ಅಕ್ಕ?” ಮೇಸ್ತ್ರಿ ಬಕೆಟ್ ಇಳಿಸುತ್ತ ನಗುತ್ತಾನೆ. “ಕಡ್ಡೀಲಿ ಎತ್ತಿ ಆ ಗಿಡಕ್ಕೆ ಇಟ್ಬಿಡಿ.”

“ಹೋದ ವರ್ಷ ಹಾಗೇ ಮಾಡಿದ್ದೆ ಕಣಪ್ಪ. ಇರುವೆ ಬಂದು ಕೊಡಾನೇ ಹೊತ್ಕೊಂಡು ಹೋದ್ವು. ಆ ಕಡೆಯಿಂದ ಶುರು ಮಾಡು, ಅಲ್ಲಿನ ಜೇಡಗಳು ಬಲೆ ಮತ್ತೆ ಕಟ್ಕೊಳ್ತವೆ. ಈ ಎರಡು ಕಂಬ ಕೊನೆಗೆ.”

“ಕೊನೆಗೂ ಆಗದಿದ್ರೆ?”

“ಆಗ ನಾನೇ ಹೊಡೀತೀನಿ. ನಿನ್ನ ಕೆಲಸ ಕೆಡ್ಸಲ್ಲ.”

ಮೇಸ್ತ್ರಿ ಆ ತುದಿಗೆ ನಡೆಯುತ್ತಾನೆ. ಬಲೆ ಅಕ್ಕ ತರಗತಿಗಳನ್ನು ಗುಡಿಸುತ್ತಾರೆ, ಪ್ರತಿ ಕೋಣೆ ಮುಗಿದಾಗಲೂ ಒಮ್ಮೆ ಹೊರಗೆ ಇಣುಕುತ್ತಾರೆ. ಮೂರು ಕಂಬ. ಆರು ಕಂಬ. ಹತ್ತು ಕಂಬ ಮುಗಿಸಿದ ಮೇಸ್ತ್ರಿ ಬಂದು ಬಲೆಯ ಮುಂದೆ ನಿಂತವನು ಬ್ರಷ್ ಎತ್ತುವುದಿಲ್ಲ.

“ಅಕ್ಕ, ಬನ್ನಿ ಬೇಗ. ನಿಮ್ಮ ಕೊಡ ಸೋರ್ತಾ ಇದೆ.”

ಪೊರಕೆ ಬಿಟ್ಟು ಓಡಿ ಬರುತ್ತಾರೆ. ಕೊಡದ ಬಾಯಿಯಿಂದ ಒಂದರ ಹಿಂದೊಂದು ಚುಕ್ಕೆಗಳು ಇಳಿಯುತ್ತಿವೆ. ಇಬ್ಬರೂ ತುಟಿಯಲ್ಲೇ ಎಣಿಸುತ್ತಾರೆ. ಅರ್ಧ ಗಂಟೆಯಲ್ಲಿ ಕೊಡ ಖಾಲಿ. ಬಲೆ ಅಕ್ಕ ಮರಿಗಳಿದ್ದ ಎಳೆಗಳನ್ನು ಕಡ್ಡಿಗೆ ಸುತ್ತಿ ಬೇಲಿಯ ಬಲೆಯೊಂದರ ಪಕ್ಕಕ್ಕೆ ದಾಟಿಸುತ್ತಾರೆ. ದೊಡ್ಡ ಜೇಡವನ್ನು ಮೇಸ್ತ್ರಿಯೇ ಏಣಿ ಹತ್ತಿ ಡಬ್ಬಿಯಲ್ಲಿ ಹಿಡಿದು ಗಿಡಕ್ಕೆ ಬಿಡುತ್ತಾನೆ.

“ಮೂವತ್ತನಾಲ್ಕು, ಬರ್ಕೊಳಿ ಅಕ್ಕ,” ಎನ್ನುತ್ತಾನೆ ಮೇಸ್ತ್ರಿ, ಬ್ರಷ್ ಅದ್ದುತ್ತ.

“ಮೂವತ್ತಾರು. ಎರಡು ಕೊಡದ ಬೆನ್ನ ಕಡೆಯಿಂದ ಇಳಿದ್ವು, ನಿನಗೆ ಕಾಣಲಿಲ್ಲ.”

“ಮೇಡಂ ಯಾರ ಲೆಕ್ಕ ನಂಬ್ತಾರೆ?”

ಬಲೆ ಅಕ್ಕ ಮೂವತ್ತಾರು ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದು ಪುಸ್ತಕ ಮುಚ್ಚುತ್ತಾರೆ. “ನನ್ನ ಪುಸ್ತಕಾನ ಮೇಡಂ ಓದ್ತಾರೆ,” ಎನ್ನುತ್ತಾರೆ, “ತಿದ್ದಲ್ಲ.”