ಸ್ಕ್ರೂ ಕೆಳಗಿನ ಮೂರು ಚುಕ್ಕೆ

ನನ್ನ ಅತ್ತೆ ಎಡಚಿ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಡಬ್ಬಗಳೆಲ್ಲ ಒಲೆಯ ಎಡಕ್ಕೆ, ಸೌಟು ಎಡಕ್ಕೆ, ಚಾಕು ಎಡಕ್ಕೆ. ಒಂದು ದಿನ ನಾನು ಎಲ್ಲವನ್ನೂ ಬಲಕ್ಕೆ ಸಾಗಿಸಿದೆ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಎಡಕ್ಕೆ ವಾಪಸು. ಅತ್ತೆ ಒಂದು ಮಾತೂ ಆಡಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಇನ್ನೂ ಬಂದಿಲ್ಲ, ಕಾಯುವುದನ್ನೂ ನಾನು ಬಿಟ್ಟಿದ್ದೇನೆ.

ನಾವಿಬ್ಬರೂ ಒಂದೇ ಕತ್ತರಿ ಕಾರ್ಖಾನೆಯಲ್ಲಿ ದುಡಿದವರು. ನಾನು ಪ್ಯಾಕಿಂಗ್‌ನಲ್ಲಿ, ಅವರು ಜೋಡಣೆ ಕೋಣೆಯಲ್ಲಿ. ಎರಡು ಅಲಗು ತಂದು ನಡುವೆ ಸ್ಕ್ರೂ ಬಿಗಿದರೆ ಕತ್ತರಿ ಆಯಿತು ಎಂದು ನೀವು ಅಂದುಕೊಂಡಿದ್ದರೆ ತಪ್ಪೇನಿಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ನೆಟ್ಟಗಿರುವ ಎರಡು ಅಲಗು ಬಟ್ಟೆಯನ್ನು ಕತ್ತರಿಸುವುದಿಲ್ಲ, ಹಲ್ಲಿಲ್ಲದವರ ಹಾಗೆ ಜಗಿಯುತ್ತವೆ. ಒಂದೊಂದನ್ನೂ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಕಣ್ಣಿಗೆ ಕಾಣದಷ್ಟು ಬಾಗಿಸಬೇಕು. ಮುಚ್ಚುವಾಗ ಎರಡೂ ಒಂದೇ ಕಡೆ ತಾಗಬೇಕು, ಆ ತಾಗುವ ಜಾಗ ಸ್ಕ್ರೂ ಹತ್ತಿರದಿಂದ ತುದಿಯವರೆಗೆ ಎಲ್ಲೂ ತಡೆಯದೆ ಜಾರಿಕೊಂಡು ಹೋಗಬೇಕು. ಜೋಡಿಸುವವರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಕಿವಿಯ ಪಕ್ಕ ಹಿಡಿದು ಕೇಳುತ್ತಿದ್ದರು, ಕೊನೆಗೆ ಒದ್ದೆ ಬಟ್ಟೆಯ ಚೂರೊಂದನ್ನು ತುದಿಯಿಂದ ಕತ್ತರಿಸುತ್ತಿದ್ದರು. ಒದ್ದೆ ಬಟ್ಟೆ ಸದ್ದಿಲ್ಲದೆ ಎರಡಾದರೆ ಕತ್ತರಿ ನನ್ನ ಮೇಜಿಗೆ ಬರುತ್ತಿತ್ತು.

ಆ ಕೋಣೆಗೆ ಒಂದು ಪದ್ಧತಿ ಇತ್ತು. ಕೆಲಸಕ್ಕೆ ಸೇರಿದವರು ತಮಗೊಂದು ಗುರುತು ಆರಿಸಿಕೊಳ್ಳಬೇಕು. ಅದರ ಅಚ್ಚನ್ನು ಬೆರಳುದ್ದದ ಉಕ್ಕಿನ ಕಡ್ಡಿಯ ತುದಿಯಲ್ಲಿ ಕೆತ್ತಿಸಿ ಕೊಡುತ್ತಿದ್ದರು. ಕತ್ತರಿ ಜೋಡಿಸುವ ಮೊದಲು ಅಲಗಿನ ಒಳಮೈಯಲ್ಲಿ, ಸ್ಕ್ರೂ ತೂತಿನ ಪಕ್ಕ, ಆ ಕಡ್ಡಿಯಿಟ್ಟು ಒಂದೇಟು. ಸ್ಕ್ರೂ ಬಿಗಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಕೊಂಡವರಿಗೆ ಅಂಥದೊಂದು ಇದೆಯೆಂದೇ ಗೊತ್ತಿಲ್ಲ. ಆದರೆ ಕತ್ತರಿ ಸರಿಯಿಲ್ಲವೆಂದು ಅಂಗಡಿಯಿಂದ ವಾಪಸು ಬಂದರೆ ಸ್ಕ್ರೂ ಬಿಚ್ಚಿ ಗುರುತು ನೋಡುತ್ತಿದ್ದರು. ಆ ಗುರುತಿನವರು ಅದನ್ನು ಊಟದ ಹೊತ್ತಿನಲ್ಲಿ, ಉಳಿದವರು ಡಬ್ಬಿ ಬಿಚ್ಚಿ ಉಣ್ಣುತ್ತಿರುವಾಗ, ಎಲ್ಲರ ಎದುರಿಗೆ, ಬಿಟ್ಟಿಯಾಗಿ ಸರಿಮಾಡಬೇಕು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅತ್ತೆಯ ಗುರುತು ಮೂರು ಚುಕ್ಕೆ, ಒಲೆಯ ಮೂರು ಗುಂಡಿನ ಹಾಗೆ. ಅವರ ಇಡೀ ಸೇವೆಯಲ್ಲಿ ಮೂರು ಚುಕ್ಕೆ ವಾಪಸು ಬಂದದ್ದು ಒಂದೇ ಸಲ. ಅದೂ ಯಾರೋ ಪುಣ್ಯಾತ್ಮ ಅದರಲ್ಲಿ ಬಣ್ಣದ ಡಬ್ಬದ ಮುಚ್ಚಳ ಎಬ್ಬಲು ಹೋಗಿದ್ದ. "ಕೆಲಸ ಚೆನ್ನಾಗಿದೆ, ಕೊಂಡವನು ಸರಿಯಿಲ್ಲ" ಎಂದು ಅತ್ತೆ ಹೇಳಿ, ಆದರೂ ಊಟ ಬಿಟ್ಟು ಸರಿಮಾಡಿದರಂತೆ.

ಒಂದು ದಿನ ಯಜಮಾನರ ಮಗ ನಮ್ಮನ್ನೆಲ್ಲ ಅಂಗಳದಲ್ಲಿ ಸೇರಿಸಿ, ಕೂಲಿ ಕಡಿಮೆಯಿರುವ ದೇಶದಲ್ಲಿ ಕೋಣೆ ಸಿದ್ಧವಾಗಿದೆ, ಇನ್ನು ಮೇಲೆ ಕತ್ತರಿ ಅಲ್ಲೇ ಆಗುತ್ತದೆ, ಇಲ್ಲಿ ಗೋದಾಮು ಮಾತ್ರ ಉಳಿಯುತ್ತದೆ ಎಂದ. ನಮ್ಮ ಕೂಲಿ ಜಾಸ್ತಿ ಅಂತ ಇವತ್ತೇ ಗೊತ್ತಾಗಿದ್ದು ಎಂದು ಹಿಂದೆ ನಿಂತವರು ಯಾರೋ ಗೊಣಗಿದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಒಂದೇ ಮನೆಯ ಎರಡು ಸಂಬಳ ಒಟ್ಟಿಗೆ ಹೋಗುವುದಿತ್ತು.

ಹೋಗುವ ಮೊದಲು ಕೆಲಸ ಕಲಿಸಿ ಹೋಗಬೇಕಿತ್ತು. ಆ ದೇಶದಿಂದ ಕೆಲವು ಹೆಂಗಸರು ಬಂದರು. ಅವರ ಮಾತು ನಮಗೆ ಬಾರದು, ನಮ್ಮದು ಅವರಿಗೆ ಬಾರದು. ಜೋಡಣೆ ಕೋಣೆಯವರು ಕಲಿಸಿದ ಹಾಗೆ ಮಾಡಿದರೇ ಹೊರತು ಕಲಿಸಲಿಲ್ಲ. ಒಬ್ಬರಂತೂ ಬೇಕೆಂದೇ ತಪ್ಪು ಕಡೆ ತಟ್ಟಿ ತೋರಿಸುತ್ತಿದ್ದರು. ಅತ್ತೆ ಮಾತ್ರ ಕಲಿಸಿದರು. ಅವರ ಪಾಲಿಗೆ ಬಂದವಳು ಮುಖಕ್ಕಿಂತ ದೊಡ್ಡ ಕನ್ನಡಕ ಹಾಕಿದ್ದ ಒಬ್ಬ ತೆಳ್ಳನೆಯ ಹೆಂಗಸು. ಹೆಸರು ಯಾರ ನಾಲಿಗೆಗೂ ಹೊರಳದೆ ಕೋಣೆಯವರು ಅವಳನ್ನು ಕನ್ನಡಕ ಎಂದೇ ಕರೆದರು. ಕರೆಯಬೇಕಾದಾಗ ಎರಡು ಕೈಯ ಬೆರಳುಗಳನ್ನು ಉಂಗುರ ಮಾಡಿ ಕಣ್ಣಿಗೆ ಹಿಡಿಯುತ್ತಿದ್ದರು. ಅವಳೂ ನಗುತ್ತಾ ಹಾಗೇ ಹಿಡಿದು ತೋರಿಸುತ್ತಿದ್ದಳು.

ಕನ್ನಡಕ ಎಲ್ಲರಿಗಿಂತ ಬೇಗ ಕಲಿತಳು. ಅತ್ತೆ ಎಡಚಿ, ಅವಳು ಬಲಗೈಯವಳು. ಎದುರುಬದುರು ಕೂತರೆ ಕನ್ನಡಿ ನೋಡಿಕೊಂಡು ಮಾಡಿದ ಹಾಗೆ. ಬೇರೆಯವರು ಬೆನ್ನ ಹಿಂದೆ ನಿಂತು ಇಣುಕಿ ಕಲಿಯಬೇಕಿತ್ತು, ಇವಳಿಗೆ ಅದು ಬೇಕಾಗಲಿಲ್ಲ.

ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವವರನ್ನು ಈಗಲೇ ನೋಡಿದ್ದು ಎಂದು ಕೋಣೆಯವರು ಅತ್ತೆಯ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ನಾನೂ ಮನೆಯಲ್ಲಿ ಕೇಳಿದೆ. ಅತ್ತೆ ಹೇಳಿದ್ದಿಷ್ಟೆ: "ಹೇಗಿದ್ರೂ ಅವ್ರು ಮಾಡ್ತಾರೆ ಕಣೆ. ಕೆಟ್ಟದಾಗಿ ಯಾಕ್ ಮಾಡ್ಬೇಕು?"

ಕೊನೆಯ ದಿನ ಅತ್ತೆ ತಮ್ಮ ಮೇಜು ಒರೆಸಿ, ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು, ಮೂರು ಚುಕ್ಕೆಯ ಕಡ್ಡಿಯನ್ನು ಕನ್ನಡಕಳ ಕೈಗಿಟ್ಟರು. ತಮಗೆ ಇನ್ನು ಅದರ ಕೆಲಸವಿಲ್ಲ, ನೆನಪಿಗಿರಲಿ ಎಂದು ಕೊಟ್ಟದ್ದು. ಅದನ್ನು ಹೇಳಲು ಮಾತು ಇರಲಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಕಾರ್ಖಾನೆ ಮುಚ್ಚಿತು. ನನ್ನ ಗಂಡನಿಗೆ ಬಸ್ ಡಿಪೋದಲ್ಲಿ ಕೆಲಸವಿತ್ತು, ಅದೊಂದೇ ಆಧಾರವಾಯಿತು. ಮನೆಯ ಮುಂಭಾಗದ ಕೋಣೆಗೆ ರಸ್ತೆಯ ಕಡೆ ಬಾಗಿಲಿತ್ತು. ಅಲ್ಲೊಂದು ಮೇಜು, ಕಬ್ಬಿಣದ ದಿಮ್ಮಿ, ಸಾಣೆ ಚಕ್ರ ಇಟ್ಟು ಅತ್ತೆ ಕತ್ತರಿ ಚಾಕು ರಿಪೇರಿಗೆ ಕೂತರು. ಗಿರಾಕಿಗಳ ಜೊತೆ ಮಾತಾಡಲು ಅವರಿಗೆ ಬೇಸರ, ಆದ್ದರಿಂದ ಗಲ್ಲಾಪೆಟ್ಟಿಗೆಯ ಹಿಂದೆ ನಾನು. ಮೊದಮೊದಲು ಚೆನ್ನಾಗಿಯೇ ನಡೆಯಿತು. ದರ್ಜಿಗಳು ಬಂದರು, ಕ್ಷೌರದಂಗಡಿಯವರು ಬಂದರು. ಮನೆಯ ಬಾಡಿಗೆ ಆ ಕೋಣೆಯಿಂದಲೇ ಹುಟ್ಟುವಂತಾಯಿತು.

ಹೀಗಿರುವಾಗ ಹಿಂದಿನ ಬೀದಿಯ ದರ್ಜಿ ಹೊಸ ಕತ್ತರಿಯೊಂದನ್ನು ತಂದ. ನಮ್ಮ ಹಳೆಯ ಕಂಪನಿಯದೇ, ಅದೇ ಡಬ್ಬ, ಮಾಡಿದ್ದು ಮಾತ್ರ ಅಲ್ಲಿ. ಬಟ್ಟೆ ನಡುವೆ ಸಿಕ್ಕಿಕೊಳ್ಳುತ್ತದೆ ಎಂದ. ಅತ್ತೆ ಸ್ಕ್ರೂ ಬಿಚ್ಚಿದರು, ಅಲಗನ್ನು ಬೆಳಕಿಗೆ ಹಿಡಿದರು, ಹಿಡಿದೇ ಇದ್ದರು. ಒಳಮೈಯಲ್ಲಿ ಮೂರು ಚುಕ್ಕೆ. ಸರಿಮಾಡಿ ಕೊಟ್ಟು, ದುಡ್ಡು ಬೇಡ ಎಂದು ನನಗೆ ಕೈಸನ್ನೆ ಮಾಡಿದರು.

ಆ ವಾರ ಇನ್ನೊಂದು ಬಂತು. ಆಮೇಲೆ ಗೋಣಿಚೀಲಕ್ಕೆ ತೂತು ಬಿದ್ದ ಹಾಗೆ ಬರತೊಡಗಿದವು. ಎಲ್ಲದರಲ್ಲೂ ಮೂರು ಚುಕ್ಕೆ. ಕೆಲವು ಚೂರು ತಟ್ಟಿದರೆ ಸರಿಹೋಗುತ್ತಿದ್ದವು, ಕೆಲವಕ್ಕೆ ಅರ್ಧ ಬೆಳಗು ಹಿಡಿಯುತ್ತಿತ್ತು. ಆ ಕಂಪನಿಯ ಕತ್ತರಿಯಾದರೆ ಪುಕ್ಕಟೆ ಎಂದು ಊರಿಗೆಲ್ಲ ಗೊತ್ತಾಯಿತು. ದುಡ್ಡು ಕೊಡುವ ಗಿರಾಕಿಗಳು ಸಾಲು ನೋಡಿ ಹಿಂದಿರುಗುತ್ತಿದ್ದರು. ಬಾಡಿಗೆ ತಡವಾಯಿತು, ಇನ್ನೊಮ್ಮೆ ತಡವಾದರೆ ಮನೆ ಬಿಡಿ ಎಂದು ಮನೆಯೊಡೆಯ ಬಂದು ಹೇಳಿಹೋದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

"ಅದು ನಿಮ್ಮ ಕೈಕೆಲಸ ಅಲ್ಲ ಅತ್ತೆ" ಎಂದೆ.

"ಗುರುತು ನಂದು."

"ಆ ಕಡ್ಡಿ ಅವಳಿಗೆ ಕೊಟ್ಟಿದ್ದು ನೀವು. ಮಾಡಿದ್ದುಣ್ಣೋ ಮಹರಾಯ ಅಂತ ಮನೆಯವರೆಲ್ಲ ಉಣ್ಬೇಕಾ? ಅರ ತಗೊಂಡು ಉಜ್ಜಿಹಾಕಿ. ಚುಕ್ಕೆ ಇಲ್ದಿದ್ರೆ ದುಡ್ಡು ಕೇಳ್ಬಹುದಲ್ಲ."

ಅತ್ತೆ ನನ್ನ ಮುಖ ನೋಡಿದರು. ಅಡುಗೆಮನೆಯ ಡಬ್ಬಗಳನ್ನು ಎಡಕ್ಕೆ ಇಟ್ಟಾಗಲೂ ಹೀಗೇ ಇದ್ದರು. ಮತ್ತೆ ಸುತ್ತಿಗೆ ಎತ್ತಿಕೊಂಡರು.

ಬಾಡಿಗೆಯ ದಿನ ಹತ್ತಿರ ಬರುತ್ತಿದ್ದಾಗ ಹಳೆಯ ಮೇಸ್ತ್ರಿ ಬಂದರು. ಕಾರ್ಖಾನೆಯವರಲ್ಲಿ ಅವರೊಬ್ಬರನ್ನು ಯಜಮಾನರ ಮಗ ಉಳಿಸಿಕೊಂಡಿದ್ದ. ಆಗಾಗ ಆ ದೇಶಕ್ಕೆ ಹೋಗಿ ಕೆಲಸ ನೋಡಿಕೊಂಡು ಬರುವುದು ಅವರ ಪಾಲಿಗೆ ಬಿದ್ದಿತ್ತು. ಚಹಾ ಕೊಟ್ಟೆ. ಕನ್ನಡಕ ಈಗ ಅಲ್ಲಿಯ ಜೋಡಣೆ ಕೋಣೆಗೆಲ್ಲ ಹಿರಿಯಳಾಗಿದ್ದಾಳೆ ಎಂದು ಅವರು ಹೇಳಿದರು. ಅತ್ತೆ ಕೊಟ್ಟ ಕಡ್ಡಿಯನ್ನು ಕಂಪನಿಯ ಮುದ್ರೆ ಎಂದು ತಿಳಿದು, ಅದರಂಥವೇ ಹತ್ತಾರು ಮಾಡಿಸಿ ಎಲ್ಲರಿಗೂ ಹಂಚಿದ್ದಾಳಂತೆ. ಚುಕ್ಕೆ ಒತ್ತದೆ ಅಲ್ಲಿ ಒಂದು ಕತ್ತರಿಯೂ ಹೊರಬೀಳದಂತೆ. ಅಷ್ಟು ನಿಷ್ಠೆ. ನಾನು ಹಣೆ ಚಚ್ಚಿಕೊಂಡೆ.

ಮೇಸ್ತ್ರಿ ಚಹಾ ಮುಗಿಸಿ, ಯಜಮಾನರ ಮಗ ಬಹಳ ಖುಷಿಯಾಗಿದ್ದಾನೆ ಎಂದೂ ಹೇಳಿದರು. ಕೆಟ್ಟ ಕತ್ತರಿಗಳು ಈಗ ಕಂಪನಿಗೆ ವಾಪಸೇ ಬರುವುದಿಲ್ಲ, ಊರವರು ನೇರ ಇಲ್ಲಿಗೆ ತರುತ್ತಾರೆ. "ನೀವಿರೋವರೆಗೂ ನಮಗೆ ಚಿಂತೆಯಿಲ್ಲ ಅಂತಾನೆ" ಎಂದರು. ಹೊಗಳಿಕೆ ಎಂದೇ ಹೇಳಿದ್ದು, ಪಾಪ.

ಅತ್ತೆ ಸುತ್ತಿಗೆ ಕೆಳಗಿಟ್ಟರು.

"ಒಂದೂ ವಾಪಸ್ ಹೋಗಲ್ವಾ?" ಎಂದು ಕೇಳಿದರು.

"ಒಂದೂ ಇಲ್ಲ."

"ಹಾಗಾದ್ರೆ ತಪ್ಪಾಗಿದ್ದು ಅವಳಿಗೆ ಗೊತ್ತಾಗೋದು ಹೇಗೆ?"

ಅತ್ತೆ ಅವತ್ತು ಬಂದಿದ್ದ ಕತ್ತರಿಗಳಲ್ಲಿ ತೀರಾ ಕೆಟ್ಟದ್ದೊಂದನ್ನು ಆರಿಸಿದರು. ಅದು ಯಾರದೆಂದು ಕೇಳಿ, ಅವರಿಗೆ ಮನೆಯದೇ ಕತ್ತರಿ ಕೊಡು ಎಂದು ನನಗೆ ಹೇಳಿದರು. ಸ್ಕ್ರೂ ಬಿಚ್ಚಿದರು. ಅಲಗಿನ ಸೊಟ್ಟನ್ನು ಮುಟ್ಟಲಿಲ್ಲ. ಅರ ತೆಗೆದುಕೊಂಡು ಮೂರು ಚುಕ್ಕೆಯನ್ನು ಉಜ್ಜತೊಡಗಿದರು. ನಾನು ಅಷ್ಟು ಹೇಳಿದ್ದಕ್ಕೆ ಕಿವಿಗೊಡದವರು, ತಾವಾಗಿ ಉಜ್ಜುತ್ತಿರುವುದನ್ನು ನೋಡಿ ನನಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಚುಕ್ಕೆಗಳು ಹೋದ ಮೇಲೂ ಆ ಜಾಗ ಕನ್ನಡಿಯಂತಾಗುವವರೆಗೆ ಉಜ್ಜಿದರು. ಸ್ಕ್ರೂ ಹಾಕದೆ, ಎರಡು ಅಲಗನ್ನೂ ಬಟ್ಟೆಯಲ್ಲಿ ಸುತ್ತಿ ಮೇಸ್ತ್ರಿಗೆ ಕೊಟ್ಟರು.

"ಮುಂದಿನ ಸಲ ಹೋದಾಗ ಅವಳ ಕೈಗೇ ಕೊಡಿ. ಏನೂ ಹೇಳ್ಬೇಡಿ."

ಹೇಳಬೇಕೆಂದರೂ ಮೇಸ್ತ್ರಿಗೆ ಅವಳ ಮಾತು ಬರುವುದಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಖಾಲಿ ಜಾಗ ನೋಡಿ ಯಾರಿಗೆ ಏನು ತಿಳಿದೀತು? ಮೇಸ್ತ್ರಿ ಹೋದರು. ಪುಕ್ಕಟೆ ಕತ್ತರಿಗಳು ಬರುತ್ತಲೇ ಇದ್ದವು, ಅತ್ತೆ ಸರಿಮಾಡುತ್ತಲೇ ಇದ್ದರು. ಬಾಡಿಗೆಗೆ ನನ್ನ ಬಳೆ ಅಡವಿಡಬೇಕಾಯಿತು. ಆ ದಿನಗಳಲ್ಲಿ ನಾನು ಅತ್ತೆಯ ಜೊತೆ ಬೇಕಾದ್ದಕ್ಕೆ ಮಾತ್ರ ಮಾತಾಡುತ್ತಿದ್ದೆ.

ಸೆಕೆ ಕಳೆದು ಗಾಳಿ ತಣ್ಣಗಾದ ಮೇಲೆ ಒಂದು ಮಧ್ಯಾಹ್ನ ಹಿಂದಿನ ಬೀದಿಯ ದರ್ಜಿಯೇ ಮತ್ತೆ ಬಂದ. ಕತ್ತರಿ ಹೊಸದು, ತುದಿಯಲ್ಲಿ ಹಿಡಿಯುತ್ತದೆ, ಬೇಗ ಮಾಡಿಕೊಡಿ, ಹೇಗೂ ಪುಕ್ಕಟೆ ಅಲ್ಲವೇ ಎಂದು ಹಲ್ಲು ಕಿರಿದ. ಅತ್ತೆ ಸ್ಕ್ರೂ ಬಿಚ್ಚಿ ಬೆಳಕಿಗೆ ಹಿಡಿದರು. ಆಮೇಲೆ ಬಾಗಿಲ ಹತ್ತಿರ ಹೋಗಿ ಹಿಡಿದರು. ನನ್ನನ್ನು ಕರೆದು, ನಿನ್ನ ಕಣ್ಣು ಚುರುಕು, ಏನಿದೆ ನೋಡು ಎಂದರು.

ಚುಕ್ಕೆಗಳಿರಲಿಲ್ಲ. ತೂತಿನ ಪಕ್ಕ ಎರಡು ಪುಟ್ಟ ಉಂಗುರ, ನಡುವೆ ಒಂದು ಸಣ್ಣ ಗೆರೆ.

"ಕನ್ನಡಕ" ಎಂದೆ.

ಅತ್ತೆ ಎರಡು ಕೈಯ ಬೆರಳುಗಳನ್ನು ಉಂಗುರ ಮಾಡಿ ಕಣ್ಣಿಗೆ ಹಿಡಿದರು. ಅವರು ನಗುವುದನ್ನು ನಾನು ಕಾರ್ಖಾನೆ ಮುಚ್ಚಿದ ಮೇಲೆ ನೋಡಿರಲಿಲ್ಲ. ಮತ್ತೆ ಕೂತು ಅಲಗಿನ ಉದ್ದಕ್ಕೂ ಹೆಬ್ಬೆರಳು ಸವರಿದರು, ತುದಿಯನ್ನು ಉಗುರಿನಿಂದ ಮೀಟಿ ಕೇಳಿದರು.

"ಕೆಲಸ ಚೆನ್ನಾಗಿದೆ. ನೀವು ಬೀಳಿಸಿದೀರಿ" ಎಂದು ದರ್ಜಿಗೆ ಹೇಳಿದರು. "ಇದು ನಂದಲ್ಲ. ದುಡ್ಡಾಗುತ್ತೆ."

ದರ್ಜಿ ಸ್ವಲ್ಪ ಹೊತ್ತು ಚೌಕಾಸಿ ಮಾಡಿದ. ಅತ್ತೆ ಜಗ್ಗಲಿಲ್ಲ. ಅವನು ಕೊಟ್ಟು ಹೋದ. ನಾನು ಆ ನೋಟುಗಳನ್ನು ಕೈಯಲ್ಲಿ ಹಿಡಿದು ನಿಂತೆ. ಇಷ್ಟು ದಿನ ಇದಕ್ಕೇ ತಾನೇ ಜಗಳವಾಡಿದ್ದು? ಅತ್ತೆ ಮೇಜಿನ ಮೇಲೆ ಕೈಯೂರಿ ಕೂತಿದ್ದರು. ಕಣ್ಣಲ್ಲಿ ನೀರಿತ್ತು. ಏನಾಯಿತೆಂದು ಕೇಳಿದೆ.

"ಕೆಲಸ ಹೋಯ್ತು ಕಣೆ."

"ಅದು ಹೋಗಿ ಎಷ್ಟು ಕಾಲ ಆಯ್ತು ಅತ್ತೆ!"

"ಅವತ್ತು ಹೋಗಿದ್ದು ಸಂಬಳ" ಎಂದರು.

ನಾನು ನೋಟುಗಳನ್ನು ಗಲ್ಲಾಪೆಟ್ಟಿಗೆಗೆ ಹಾಕಿದೆ, ಒಳಗೆ ಹೋಗಿ ಚಹಾ ಮಾಡಿ ತಂದು ಅವರ ಎಡಗೈಯ ಪಕ್ಕ ಇಟ್ಟೆ.