ಕೊಂಡ ಮನೆ, ಬೇಡವಾದ ಗೂಳಿ

ಬೆನೆದಿಕ್ತಾ ಹುಟ್ಟಿದ್ದು ನಮ್ಮ ಬೆಟ್ಟನಾಡಿನ ಕುಸ್ಕೋ ಊರಿನ ಒಂದು ದೊಡ್ಡ ಮನೆಯ ಹಿಂದಿನ ಅಂಗಳದಲ್ಲಿ, ಹಿಂದೆ ಕುದುರೆ ಕಟ್ಟುತ್ತಿದ್ದ ಕೋಣೆಯಲ್ಲಿ. ಅವಳ ಅಜ್ಜಿ, ತಾಯಿ ಇಬ್ಬರೂ ಅಲ್ಲೇ ಬಟ್ಟೆ ಒಗೆದು ಸವೆದವರು. ಮುಂಭಾಗ ಧಣಿಗಳದು. ಬೀದಿಯ ಮೇಲೆ ಚಾಚಿಕೊಂಡ ಕೆತ್ತನೆಯ ಬಾಲ್ಕನಿ, ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ವಂಶದ ಲಾಂಛನ. ಬುಡದ ಗೋಡೆ ಮಾತ್ರ ಇಂಕಾ ಅರಸರ ಕಾಲದ್ದು. ಸ್ಪೇನಿನವರು ಅದನ್ನು ಕೆಡವಲಾರದೆ ಅದರ ಹೆಗಲ ಮೇಲೇ ತಮ್ಮ ಮನೆ ಕೂರಿಸಿದ್ದರು. ಹೋಗಿ ಬರುವವರು ಕತ್ತೆತ್ತಿ ನೋಡಲಿ ಎಂದೇ ಕಟ್ಟಿದ ಮನೆ ಅದು.

ಧಣಿಗಳ ಮೊಮ್ಮಕ್ಕಳು ರಾಜಧಾನಿ ಲಿಮಾ ಸೇರಿ ಮನೆಯನ್ನು ತುಂಡು ತುಂಡಾಗಿ ಮಾರಿದರು. ಆಯುಷ್ಯವಿಡೀ ಸಂತೆಯಲ್ಲಿ ಹುರಿದ ಹಂದಿಮಾಂಸ ಮಾರಿದ್ದ ಬೆನೆದಿಕ್ತಾ ಹಟ ಹಿಡಿದು ಬಾಲ್ಕನಿಯಿದ್ದ ಭಾಗವನ್ನೇ ಕೊಂಡಳು. "ಒಗೆಯೋಳ ಮಗಳಿಗೆ ಬಾಲ್ಕನಿ ಬೇಕಂತೆ ಬಾಲ್ಕನಿ!" ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ. ಮನೆ ಹೆಸರಿಗಾಯಿತೇ ಹೊರತು ಅವಳದಾಗಲಿಲ್ಲ. ನಮ್ಮಲ್ಲಿ ಹೊಸ ಮಾಡು ಹೊದಿಸಿದ ದಿನ ಆ ಮನೆಗೆ ಧರ್ಮತಂದೆಯಾಗಿ ನಿಂತವನು ಮೇಲೇರಿ, ನೆತ್ತಿಯಲ್ಲಿ ಒಂದು ಶಿಲುಬೆ, ಜೋಡಿ ಮಣ್ಣಿನ ಗೂಳಿ ಇಡುವ ತನಕ ಯಾವ ಮನೆಯೂ ಯಾರದೂ ಅಲ್ಲ.

ಸೋರುತ್ತಿದ್ದ ಮಾಡಿಗೆ ಹೊಸ ಹೆಂಚು ಹೊದಿಸಲು, ಹಳೆಯ ಕಟ್ಟಡಗಳನ್ನು ಕಾಯುವ ಸರ್ಕಾರದ ಪರಂಪರೆ ಕಚೇರಿ ಅಂತೂ ಒಪ್ಪಿತು. ಧರ್ಮತಂದೆಯಾಗಲು ಒಪ್ಪಿದ್ದ ಸತುರ್ನೀನೊ ಹಳ್ಳಿಯಿಂದ ಗೂಳಿಗಳನ್ನು ಕಂಬಳಿಯಲ್ಲಿ ಸುತ್ತಿ ತಂದ. ಜೋಳದ ಹೆಂಡದ ಗಡಿಗೆ ಬಂತು. ಅವನು ಏಣಿಗೆ ಕಾಲಿಡುವುದಕ್ಕೂ ಕಚೇರಿಯ ವಲೇರಿಯೋ ಬರುವುದಕ್ಕೂ ಸರಿಹೋಯಿತು.

"ಇಳೀರಿ, ಇಳೀರಿ! ಮಾಡಿನ ಮೇಲೆ ಗೊಂಬೆ ಇಡೋ ಹಾಗಿಲ್ಲ."

"ಗೊಂಬೆ ಅಂತೆ! ಕಣ್ಣು ಕಾಣಲ್ವಾ? ಗೂಳಿ ಅವು," ಎಂದಳು ಬೆನೆದಿಕ್ತಾ.

"ಇದು ಸ್ಪೇನಿನ ದೊಡ್ಡವರ ಮನೆ ಅಮ್ಮಾ. ಅವರ ಕಾಲದಲ್ಲಿ ಹೇಗಿತ್ತೋ ಹಾಗೇ ಇರ್ಬೇಕು. ಗೂಳಿ ಇಡೋದು ಹಳ್ಳಿ ಜನದ ಮನೆ ಮೇಲೆ."

"ಈಗ ಇಲ್ಲಿರೋಳು ಯಾರು, ಸ್ಪೇನಿನ ರಾಣೀನಾ? ಈ ನಾಡಿಗೆ ಗೂಳೀನ ಹಡಗಲ್ಲಿ ಹತ್ತಿಸ್ಕೊಂಡು ಬಂದೋರೇ ಅವರು. ಅವರ ಗೂಳಿ ಅವರ ಮನೆಗೇ ಆಗಲ್ವಾ?"

ಕೆಲಸದವರು ಗೊಳ್ಳೆಂದರು. ವಲೇರಿಯೋ ದನಿ ತಗ್ಗಿಸಿದ. "ನನ್ನ ಮೇಲೆ ಯಾಕಮ್ಮಾ ರೇಗ್ತೀರಿ? ನಮ್ಮಮ್ಮನ ಮನೆ ಮೇಲೂ ಇವೆ. ಕಾನೂನು ನಾನು ಮಾಡಿದ್ದಾ?"

"ಹಾಗಾದ್ರೆ ಸತುರ್ನೀನೊ ಅಣ್ಣ ಇಡ್ತಾನೆ. ನೀವೇ ಹತ್ತಿ ತೆಗೀರಿ."

ಅವನು ಕದಲಲಿಲ್ಲ. ಇನ್ನೊಬ್ಬರ ಮಾಡಿನ ಗೂಳಿ ಇಳಿಸಿದವನ ಒಲೆ ಆರುತ್ತದೆ ಎಂಬುದು ಅವನಿಗೂ ಗೊತ್ತು. ಸತುರ್ನೀನೊ ಮೇಲೇರಿ ಶಿಲುಬೆಯನ್ನೂ ಗೂಳಿಗಳನ್ನೂ ಗಾರೆಯಲ್ಲಿ ಕೂರಿಸಿ, ಹೆಂಡ ಚಿಮುಕಿಸಿದ. ವಲೇರಿಯೋಗೂ ಒಂದು ಲೋಟ ಕೊಟ್ಟರು. ಅವನು ಭೂಮಿತಾಯಿಗೆ ಮೊದಲ ಗುಟುಕು ಚೆಲ್ಲಿ, ಕುಡಿದು, ತಲೆ ತಗ್ಗಿಸಿಕೊಂಡು ಹೋದ.

ಆಮೇಲೆ ಗೂಳಿ ಇಳಿಸಲು ಕಚೇರಿಯವರು ಊರಲ್ಲಿ ಎಷ್ಟು ಕೂಲಿಯವರನ್ನು ಕೇಳಿದರೋ! ಒಬ್ಬನೂ ಒಪ್ಪಲಿಲ್ಲ. ಬೆನೆದಿಕ್ತಾ ದಿನಾ ಬೀದಿಗಿಳಿದು, ಕತ್ತೆತ್ತಿ ತನ್ನ ಗೂಳಿಗಳನ್ನು ನೋಡಿ, "ನನ್ನ ಮನೆ" ಎಂದು ಕೇಳುವಂತೆಯೇ ಹೇಳಿಕೊಳ್ಳುತ್ತಿದ್ದಳು. ಆದರೆ ದೇವರು ಕೊಟ್ಟರೂ ಪೂಜಾರಿ ಬಿಡಬೇಕಲ್ಲ!

ಒಂದು ಬೆಳಿಗ್ಗೆ ಕಚೇರಿಯವರು ಕರಾವಳಿಯಿಂದ ಕರೆಸಿದ ಇಬ್ಬರು ಹುಡುಗರು ಏಣಿ ಹಿಡಿದು ಬಂದರು. ನಮ್ಮ ಬೆಟ್ಟದ ಯಾವ ಕಟ್ಟಳೆಯೂ ಅವರಿಗೆ ತಿಳಿಯದು. ಬೆನೆದಿಕ್ತಾ ಏಣಿ ಹಿಡಿದು ಜಗ್ಗಿದಳು, ಬೈದಳು, ಕೊನೆಗೆ ಬೇಡಿಕೊಂಡಳು. ಅವರು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ ಮೇಲೇರಿದರು. ಶಿಲುಬೆಯನ್ನು ಮುಟ್ಟಲಿಲ್ಲ, ಅದು ಇರಲು ಕಚೇರಿಯ ಅಪ್ಪಣೆ ಇತ್ತಂತೆ. ಗೂಳಿಗಳನ್ನು ಮಾತ್ರ ಉಳಿಯಿಂದ ಎಬ್ಬಿಸಿ, ಮುಕ್ಕಾಗದಂತೆ ತಂದು ಅವಳ ಕೈಗಿಟ್ಟರು.

"ಚೆನ್ನಾಗಿವೆ ಅಮ್ಮಾ. ಮೊಮ್ಮಕ್ಕಳಿಗೆ ಆಡೋಕೆ ಕೊಡಿ."

ಬೆನೆದಿಕ್ತಾ ಗೂಳಿಗಳನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಹೋಗಿ, ಹೊಸ ಮಾಡಿನ ಕೆಳಗೆ, ಬಾಗಿಲ ಪಕ್ಕದಲ್ಲಿ, ಧಣಿ ಕರೆಯಲಿ ಎಂದು ಕಾಯುವವಳ ಹಾಗೆ ಕೂತಳು.